ಲಾಗ್‌ನಲ್ಲಿ ಕಂಡ ಫಿಂಗರ್‌ಪ್ರಿಂಟ್ ಯಾರ ಕೀಯದು?

ಪ್ರಶ್ನೆ: ನಮಸ್ಕಾರ ಸರ್. ನಾನು ಶಿರಸಿ ಹತ್ತಿರದ ಹಳ್ಳಿಯವನು. ನಾವು ಮೂವರು ಗೆಳೆಯರು ಸೇರಿ ಅಡಿಕೆ ವಖಾರಿಗಳಿಗೆ ತೂಕ, ಲಾಟು, ಪಟ್ಟಿ ಲೆಕ್ಕ ಇಡುವ ಸಣ್ಣ ಸಾಫ್ಟ್‌ವೇರ್ ನಡೆಸುತ್ತೇವೆ. ಬಾಡಿಗೆಗೆ ತೆಗೆದುಕೊಂಡ ಒಂದೇ ಉಬುಂಟು ಸರ್ವರ್ ಇದೆ. ಮೂವರೂ ‘ಡಿಪ್ಲಾಯ್’ ಎಂಬ ಒಂದೇ ಯೂಸರ್ ಹೆಸರಿನಲ್ಲಿ ಒಳಗೆ ಹೋಗುತ್ತೇವೆ. ಮೊನ್ನೆ ಲಾಗಿನ್‌ಗಳ ದಾಖಲೆ ಇರುವ ಆತ್.ಲಾಗ್ ಫೈಲ್ ತೆರೆದಾಗ ಮಧ್ಯರಾತ್ರಿ ಕಳೆದು 02:41ಕ್ಕೆ ಯಾರೋ ಲಾಗಿನ್ ಆದ ಸಾಲು ಕಂಡಿತು. ಕೊನೆಯಲ್ಲಿ ‘ಇಡಿ25519 ಶಾ256’ ಅಂತ ಇದ್ದು, ಆಮೇಲೆ ಅರ್ಥವಾಗದ ಉದ್ದ ಅಕ್ಷರಮಾಲೆ. ಐಪಿ ವಿಳಾಸ ಹುಡುಕಿದರೆ ಬೆಂಗಳೂರು ಅಂತ ತೋರಿಸುತ್ತದೆ. ನಮ್ಮಲ್ಲಿ ಒಬ್ಬ ಕುಮಟಾದಲ್ಲಿದ್ದಾನೆ. ಇನ್ನೊಬ್ಬ ಹೋದ ವರ್ಷ ಬೆಂಗಳೂರಿಗೆ ಹೋದ, ದುಡ್ಡಿನ ವಿಷಯದಲ್ಲಿ ಅವನಿಗೂ ನಮಗೂ ಸ್ವಲ್ಪ ಮನಸ್ತಾಪ ಇದೆ. ಕೇಳಿದರೆ ‘ನಾನು ಲಾಗಿನ್ ಆಗಿಲ್ಲ’ ಅನ್ನುತ್ತಾನೆ. ಯಾವ ಕೀಗಳನ್ನು ಒಳಗೆ ಬಿಡಬೇಕು ಅಂತ ಇಡುವ ಆಥರೈಸ್ಡ್_ಕೀಸ್ ಫೈಲಿನಲ್ಲಿ ಐದು ಕೀಗಳಿವೆ. ಮೂರಕ್ಕೆ ನಮ್ಮ ಹೆಸರಿದೆ, ಒಂದಕ್ಕೆ ‘ಬ್ಯಾಕಪ್’ ಅಂತ ಇದೆ, ಐದನೆಯದಕ್ಕೆ ಹೆಸರೇ ಇಲ್ಲ. ಈ ಫಿಂಗರ್‌ಪ್ರಿಂಟ್‌ನಿಂದ ಅವನೇ ಅಂತ ಸಾಬೀತು ಮಾಡಬಹುದೇ?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು: ಕೀ ಅಂದರೆ ಪಾಸ್‌ವರ್ಡ್ ಬದಲು ಬಳಸುವ ಫೈಲುಗಳ ಜೋಡಿ. ಗುಟ್ಟಾಗಿಡುವ ಪ್ರೈವೇಟ್ ಕೀ ನಿಮ್ಮ ಯಂತ್ರದಲ್ಲಿರುತ್ತದೆ, ಪಬ್ಲಿಕ್ ಕೀ ಸರ್ವರ್‌ನಲ್ಲಿ. ಫಿಂಗರ್‌ಪ್ರಿಂಟ್ ಅಂದರೆ ಪಬ್ಲಿಕ್ ಕೀಯಿಂದ ತೆಗೆದ ಚಿಕ್ಕ ಗುರುತು. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಯಾವ ಕೀ ಬಳಸಿ ಒಳಗೆ ಬಂದರು ಅನ್ನುವುದು ಒಂದು. ಆ ಕೀ ಹಿಡಿದ ಕೈ ಯಾರದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಲಾಗ್ ಖಚಿತವಾದ ಉತ್ತರ ಕೊಡುತ್ತದೆ. ಎರಡನೆಯದನ್ನು ಅದು ಹೇಳುವುದಿಲ್ಲ. ಗೆಳೆಯನಿಗೆ ಮತ್ತೆ ಫೋನ್ ಮಾಡುವ ಮೊದಲು ಇದನ್ನು ಪೂರ್ತಿ ಓದಿ, ದಯವಿಟ್ಟು.

ಫಿಂಗರ್‌ಪ್ರಿಂಟ್‌ಗಿಂತ ಮೊದಲು ಗಡಿಯಾರ ನೋಡೋಣ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಓಡುತ್ತವೆ. ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ನಿಮ್ಮ ಸರ್ವರ್ ಕೂಡ ಹಾಗೇ ಇದ್ದರೆ 02:41 ಅಂದರೆ ಶಿರಸಿಯಲ್ಲಿ ಬೆಳಿಗ್ಗೆ 8:11. ಆ ಹೊತ್ತಿಗೆ ನಿಮ್ಮಲ್ಲಿ ಯಾರಾದರೂ ತಿಂಡಿ ಮುಗಿಸಿ ಕೆಲಸಕ್ಕೆ ಕೂತಿರಬಹುದು, ಅಲ್ವಾ? ಟೈಮ್‌ಡೇಟ್‌ಸಿಟಿಎಲ್ ಎಂಬ ಆಜ್ಞೆ ಕೊಟ್ಟರೆ ಸರ್ವರ್ ಯಾವ ವಲಯದಲ್ಲಿದೆ ಅಂತ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ‘ನಡುರಾತ್ರಿ’ ಅನ್ನುವ ಮಾತೇ ಅರ್ಧ ಅನುಮಾನ ಹುಟ್ಟಿಸುತ್ತದೆ. ಅದು ನಿಜವೋ ಅಲ್ಲವೋ ಅಂತ ಮೊದಲು ತಿಳಿದುಕೊಳ್ಳಿ.

ಐಪಿ ವಿಳಾಸದ ಮೇಲೂ ಜಾಸ್ತಿ ಭಾರ ಹಾಕಬೇಡಿ. ಮೊಬೈಲ್ ಇಂಟರ್‌ನೆಟ್‌ನಲ್ಲಿ ಸಾವಿರಾರು ಜನರ ಸಂಚಾರ ಕೆಲವೇ ವಿಳಾಸಗಳ ಮೂಲಕ ಹೊರಗೆ ಹೋಗುತ್ತದೆ. ಆ ವಿಳಾಸಗಳ ಊರು ಅಂತ ಹುಡುಕಿದರೆ ಬರುವುದು ಎಷ್ಟೋ ಸಲ ದೊಡ್ಡ ಪಟ್ಟಣದ ಹೆಸರು. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದಾಗ ನೀವು ಮನೆ ಜಗಲಿಯಲ್ಲಿ ಕೂತು ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತೀರಲ್ಲ, ಆಗ ನಿಮ್ಮ ಲಾಗಿನ್ ಕೂಡ ಬೆಂಗಳೂರು ಅಂತಲೇ ಕಾಣಬಹುದು. ಕುಮಟಾದವರದೂ ಅಷ್ಟೇ.

ಈಗ ಆ ಸಾಲಿಗೆ ಬರೋಣ. ನೀವು ಕಳಿಸಿದ ಸಾಲು ಸುಮಾರು ಹೀಗಿದೆ: ‘ಆಕ್ಸೆಪ್ಟೆಡ್ ಪಬ್ಲಿಕ್‌ಕೀ ಫಾರ್ ಡಿಪ್ಲಾಯ್ ಫ್ರಮ್ 203.0.113.45 ಪೋರ್ಟ್ 51822 ಎಸ್‌ಎಸ್‌ಎಚ್2: ಇಡಿ25519 ಶಾ256:’ ಮತ್ತು ಅದರ ಮುಂದೆ ಆ ಅಕ್ಷರಮಾಲೆ. ಯಾವ ರೀತಿ ಒಳಗೆ ಬಿಟ್ಟೆ, ಯಾವ ಯೂಸರ್‌ಗೆ, ಎಲ್ಲಿಂದ, ಯಾವ ಜಾತಿಯ ಕೀ, ಆ ಕೀಯ ಗುರುತು ಏನು ಅನ್ನುವುದೆಲ್ಲ ಇದೊಂದೇ ಸಾಲಿನಲ್ಲಿದೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ತಂತ್ರಾಂಶ ಓಪನ್‌ಎಸ್‌ಎಸ್‌ಎಚ್. 2013ರಲ್ಲಿ ಬಂದ ಅದರ 6.3 ಆವೃತ್ತಿಯಿಂದ ಇದು ತಾನಾಗಿಯೇ ಹೀಗೆ ಬರೆಯಲ್ಪಡುತ್ತದೆ. ಅದಕ್ಕೂ ಹಿಂದೆ ಕೀ ಯಾವುದೆಂದು ತಿಳಿಯಲು ಲಾಗಿನ ಮಟ್ಟ ಏರಿಸಿ, ಬೇರೆ ಬೇರೆ ಸಾಲುಗಳನ್ನು ಜೋಡಿಸಬೇಕಿತ್ತು.

ಇಲ್ಲಿ ‘ಶಾ256’ ನೋಡಿ ಬಹಳ ಜನ ಎಡವುತ್ತಾರೆ. ಅದು ಕೀಯ ಜಾತಿ ಅಲ್ಲ, ಸಹಿ ಹಾಕಿದ ವಿಧಾನವೂ ಅಲ್ಲ. ಫಿಂಗರ್‌ಪ್ರಿಂಟ್ ತೆಗೆದ ಲೆಕ್ಕದ ಹೆಸರು ಅದು. ಕೀಯ ಜಾತಿ ಅದಕ್ಕೂ ಮುಂಚೆ ಬರುವ ‘ಇಡಿ25519’. ಪಬ್ಲಿಕ್ ಕೀಯನ್ನು ಪೂರ್ತಿಯಾಗಿ ಆ ಲೆಕ್ಕಕ್ಕೆ ಹಾಕಿದರೆ 32 ಬೈಟುಗಳ ಉತ್ತರ ಬರುತ್ತದೆ. ಅದನ್ನು ಬೈಟುಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64 ಕ್ರಮದಲ್ಲಿ ಬರೆದರೆ 43 ಅಕ್ಷರ. ಕೊನೆಗೆ ಬರಬೇಕಾದ ಸಮ ಚಿಹ್ನೆಯನ್ನು ಓಪನ್‌ಎಸ್‌ಎಸ್‌ಎಚ್ ಬಿಟ್ಟುಬಿಡುತ್ತದೆ. ನಿಮ್ಮ ಅಕ್ಷರಮಾಲೆ ಎಣಿಸಿ ನೋಡಿ, 43 ಇರುತ್ತದೆ.

ಹಳೆಯ ಸರ್ವರ್‌ಗಳ ಲಾಗ್‌ನಲ್ಲಿ ಇದರ ರೂಪ ಬೇರೆ. ಎರಡೆರಡು ಅಕ್ಷರಕ್ಕೆ ಒಂದು ಕೋಲನ್ ಹಾಕಿದ 16 ಜೋಡಿಗಳು ಕಂಡರೆ ಅದು ಎಂಡಿ5 ಲೆಕ್ಕ. 2015ರಲ್ಲಿ ಬಂದ 6.8ರಲ್ಲಿ ಶಾ256ಗೆ ಬದಲಾಯಿಸಿದರು. ಒಂದೇ ಕೀಗೆ ಎರಡೂ ರೂಪ ಇರುತ್ತವೆ, ಆದರೆ ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗದು. ನಿಮ್ಮ ಗೆಳೆಯರು ಲಾಗಿನ್ ಆಗಲು ‘ಪುಟ್ಟಿ’ ಎಂಬ ತಂತ್ರಾಂಶದ ಹಳೆಯ ಆವೃತ್ತಿ ಬಳಸುತ್ತಿದ್ದರೆ ಅಲ್ಲಿ ಎಂಡಿ5 ರೂಪ ಕಾಣಿಸಬಹುದು. ಹೊಂದಲಿಲ್ಲ ಅಂತ ಆಗಲೇ ತೀರ್ಮಾನಿಸಬೇಡಿ.

ಇನ್ನು ನಿಮ್ಮ ಐದು ಕೀಗಳು. ಕೀ ಸಾಲಿನ ಕೊನೆಗೆ ಇರುವ ಹೆಸರನ್ನು ಕಾಮೆಂಟ್ ಅನ್ನುತ್ತಾರೆ. ವಖಾರಿಯಲ್ಲಿ ಚೀಲಕ್ಕೆ ಕಟ್ಟಿದ ಚೀಟಿ ಇದ್ದ ಹಾಗೆ. ಚೀಟಿಯಲ್ಲಿ ‘ರಾಶಿ’ ಅಂತ ಬರೆದಿದ್ದರೂ ಒಳಗೆ ಚಾಲಿ ಇರಬಹುದು, ಯಾರು ಬೇಕಾದರೂ ಚೀಟಿ ಬದಲಿಸಬಹುದು. ಫಿಂಗರ್‌ಪ್ರಿಂಟ್ ಚೀಲ ಬಿಚ್ಚಿ ಅಡಿಕೆಯನ್ನೇ ಕೈಗೆ ತೆಗೆದುಕೊಂಡು ನೋಡುವ ಲೆಕ್ಕ. ಕಾಮೆಂಟ್ ಅದರಲ್ಲಿ ಸೇರುವುದೇ ಇಲ್ಲ. ಲಾಗ್‌ನಲ್ಲೂ ಕಾಮೆಂಟ್ ಬರುವುದಿಲ್ಲ. ಕಾಮೆಂಟ್ ತಿದ್ದಿದರೂ, ಪ್ರೈವೇಟ್ ಕೀಗೆ ಹಾಕಿದ ಗುಪ್ತಪದ ಅಂದರೆ ಪಾಸ್‌ಫ್ರೇಸ್ ಬದಲಿಸಿದರೂ ಫಿಂಗರ್‌ಪ್ರಿಂಟ್ ಅದೇ ಇರುತ್ತದೆ.

ಆ ಫೈಲನ್ನು ಕಣ್ಣಲ್ಲಿ ನೋಡಿ ಹೋಲಿಸಲು ಹೋಗಬೇಡಿ. ಇಡಿ25519 ಕೀಗಳೆಲ್ಲ ಮೊದಲ 25 ಅಕ್ಷರ ಒಂದೇ ಆಗಿರುತ್ತವೆ, ಯಾಕೆಂದರೆ ಅಲ್ಲಿ ಬರೆದಿರುವುದು ಕೀಯ ಜಾತಿ ಮತ್ತು ಉದ್ದ ಮಾತ್ರ. ‘ಎರಡೂ ಒಂದೇ ಥರ ಶುರುವಾಗುತ್ತವೆ, ಹಾಗಾಗಿ ಒಂದೇ ಕೀ’ ಅಂತ ಹೇಳಿದವರನ್ನು ನಾನೇ ನೋಡಿದ್ದೇನೆ. ಸರ್ವರ್‌ನಲ್ಲಿ ‘ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್’ ಅಂತ ಕೊಟ್ಟು (ಎಲ್, ಎಫ್ ಎರಡೂ ಚಿಕ್ಕಕ್ಷರ) ಮುಂದೆ ಆಥರೈಸ್ಡ್_ಕೀಸ್ ಫೈಲಿನ ಹಾದಿ ಬರೆಯಿರಿ. ಪ್ರತಿ ಕೀಗೂ ಒಂದು ಸಾಲು ಬರುತ್ತದೆ: ಮೊದಲು ಬಿಟ್‌ಗಳ ಸಂಖ್ಯೆ, ಆಮೇಲೆ ಫಿಂಗರ್‌ಪ್ರಿಂಟ್, ಆಮೇಲೆ ಕಾಮೆಂಟ್, ಕೊನೆಗೆ ಜಾತಿ. ಇಡಿ25519ರ ಬಿಟ್ ಸಂಖ್ಯೆಯೂ 256, ಶಾ256ರಲ್ಲೂ 256. ಎರಡಕ್ಕೂ ಸಂಬಂಧ ಇಲ್ಲ, ಗೊಂದಲ ಮಾಡಿಕೊಳ್ಳಬೇಡಿ. ಎಂಡಿ5 ರೂಪ ಬೇಕಿದ್ದರೆ ಅದೇ ಆಜ್ಞೆಗೆ ‘-ಇ ಎಂಡಿ5’ ಸೇರಿಸಿ, ಇಲ್ಲಿ ಇ ದೊಡ್ಡಕ್ಷರ.

ಲಾಗ್‌ನಲ್ಲಿರುವ 43 ಅಕ್ಷರವನ್ನು ಪೂರ್ತಿ ಕಾಪಿ ಮಾಡಿ ಈ ಪಟ್ಟಿಯಲ್ಲಿ ಹುಡುಕಿ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ ಬಿಡುವ ಅಭ್ಯಾಸ ಒಳ್ಳೆಯದಲ್ಲ. ತುದಿಗಳು ಹೊಂದುವ ಹಾಗೆ ಕೀ ತಯಾರಿಸಲು ಆಗುತ್ತದೆ, ಪೂರ್ತಿ ಹೊಂದುವ ಹಾಗೆ ಆಗುವುದಿಲ್ಲ.

ಪಟ್ಟಿಯಲ್ಲಿ ಸಿಕ್ಕರೆ ಯಾವ ಕೀ ಅನ್ನುವುದು ಇತ್ಯರ್ಥ. ‘ಆಕ್ಸೆಪ್ಟೆಡ್’ ಅಂತ ಬಂದಿದೆ ಎಂದರೆ ಆ ಕಡೆಯವರ ಬಳಿ ಪ್ರೈವೇಟ್ ಕೀ ನಿಜವಾಗಿ ಇತ್ತು, ಅದರಿಂದ ಸಹಿ ಹಾಕಿದರು, ಸರ್ವರ್ ಅದನ್ನು ಪರೀಕ್ಷಿಸಿತು. ಅದರಲ್ಲಿ ಅನುಮಾನ ಬೇಡ. ಆದರೆ ‘ಫೇಲ್ಡ್ ಪಬ್ಲಿಕ್‌ಕೀ’ ಸಾಲಿಗೆ ಈ ತೂಕ ಇಲ್ಲ. ಲಾಗಿನ್ ಆಗುವವರ ಕಡೆಯ ತಂತ್ರಾಂಶ ಅಂದರೆ ಕ್ಲೈಂಟ್ ಮೊದಲು ‘ಈ ಕೀ ನಡೆಯುತ್ತದೆಯೇ’ ಅಂತ ಬರೀ ಪಬ್ಲಿಕ್ ಕೀ ತೋರಿಸಿ ಕೇಳುತ್ತದೆ. ಪಬ್ಲಿಕ್ ಕೀಯನ್ನು ಯಾರು ಬೇಕಾದರೂ ತೋರಿಸಬಹುದು. ಅಷ್ಟೇ ಅಲ್ಲ, ಒಬ್ಬರ ಲ್ಯಾಪ್‌ಟಾಪಿನಲ್ಲಿ ನಾಲ್ಕು ಕೀ ಇದ್ದರೆ ಒಂದೊಂದಾಗಿ ತೋರಿಸುತ್ತಾ ಹೋಗುತ್ತದೆ. ಲಾಗಿನ ಮಟ್ಟ ಏರಿಸಿದ್ದರೆ ಒಳ್ಳೆಯ ಮನುಷ್ಯನ ಒಂದು ಲಾಗಿನ್‌ಗೆ ಮೂರು ಫೇಲ್ಡ್ ಸಾಲು ಬೀಳುವುದು ಹಾಗೆ. ಫೇಲ್ಡ್ ಸಾಲು ಹಿಡಿದು ಯಾರನ್ನೂ ಕೇಳಬೇಡಿ.

ಇನ್ನು ಎರಡನೆಯ ಪ್ರಶ್ನೆ, ಕೈ ಯಾರದು ಅನ್ನುವುದು. ಇದಕ್ಕೆ ನಾನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ, ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಕಾರವಾರದಲ್ಲಿ ಒಂದು ಕಚೇರಿಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಮುಖ್ಯವಾದ ಫೋಲ್ಡರ್ ಅಳಿಸಿಹೋಯಿತು. ಲಾಗ್ ನೋಡಿದೆ. ಫಿಂಗರ್‌ಪ್ರಿಂಟ್ ಅಲ್ಲಿನ ಒಬ್ಬ ಹುಡುಗನದು. ಸಾಲನ್ನು ಪ್ರಿಂಟ್ ತೆಗೆದು ಮೇಲಿನವರಿಗೆ ಕೊಟ್ಟೆ. ಅವನನ್ನು ಎಲ್ಲರೆದುರು ನಿಲ್ಲಿಸಿ ಕೇಳಿದರು. ಅವನು ಆ ದಿನ ಅಂಕೋಲಾದಲ್ಲಿ ಅಕ್ಕನ ಮದುವೆಯಲ್ಲಿದ್ದ. ಆಮೇಲೆ ತಿಳಿಯಿತು: ಅವನ ಹಳೆಯ ಲ್ಯಾಪ್‌ಟಾಪನ್ನು ಅಳಿಸದೆ ಹೊಸದಾಗಿ ಸೇರಿದವರಿಗೆ ಕೊಟ್ಟಿದ್ದರು. ಪ್ರೈವೇಟ್ ಕೀ ಅದರಲ್ಲೇ ಉಳಿದಿತ್ತು, ಪಾಸ್‌ಫ್ರೇಸ್ ಇರಲಿಲ್ಲ. ಹೊಸಬರು ಗೊತ್ತಿಲ್ಲದೆ ತಪ್ಪು ಜಾಗದಲ್ಲಿ ತಪ್ಪು ಆಜ್ಞೆ ಕೊಟ್ಟಿದ್ದರು. ಹುಡುಗ ಮರುತಿಂಗಳು ಕೆಲಸ ಬಿಟ್ಟ. ಲಾಗ್ ಹೇಳಿದ್ದು ಸರಿಯೇ ಇತ್ತು. ನಾನು ಅದಕ್ಕೆ ಕೊಟ್ಟ ಅರ್ಥ ತಪ್ಪಾಗಿತ್ತು. ಆ ಪ್ರಿಂಟ್ ಕೊಟ್ಟಿದ್ದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಹಾಗಾಗಿ ಕೀ ಸಿಕ್ಕ ಮೇಲೆ ಕೇಳಬೇಕಾದ್ದು ‘ಇದು ಯಾರ ಹೆಸರಿನದು’ ಅಂತ ಅಲ್ಲ, ‘ಇದರ ಪ್ರತಿಗಳು ಎಲ್ಲೆಲ್ಲಿವೆ’ ಅಂತ. ಹಳೆಯ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಬ್ಯಾಕಪ್ ಡಿಸ್ಕ್, ಕೋಡ್ ಇಟ್ಟ ಜಾಗ, ಎಲ್ಲ ನೋಡಿ. ಮಧ್ಯದಲ್ಲಿ ಇನ್ನೊಂದು ಸರ್ವರ್ ದಾಟಿ ಬಂದಿದ್ದರೆ ಐಪಿ ಆ ಸರ್ವರ್‌ನದು, ಫಿಂಗರ್‌ಪ್ರಿಂಟ್ ಮಾತ್ರ ಮೂಲ ಲ್ಯಾಪ್‌ಟಾಪಿನದು. ಏಜೆಂಟ್ ಅಂದರೆ ಲ್ಯಾಪ್‌ಟಾಪಿನಲ್ಲಿ ಕೀ ಹಿಡಿದಿಟ್ಟು ನಮ್ಮ ಪರವಾಗಿ ಸಹಿ ಹಾಕುವ ತಂತ್ರಾಂಶ. ಮಧ್ಯದ ಸರ್ವರ್‌ನಿಂದಲೂ ಅದನ್ನು ಬಳಸಲು ಬಿಡುವ ಏಜೆಂಟ್ ಫಾರ್ವರ್ಡಿಂಗ್ ಹಾಕಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಆ ಮಧ್ಯದ ಸರ್ವರ್‌ನಲ್ಲಿ ರೂಟ್ ಅಂದರೆ ಪೂರ್ಣ ಅಧಿಕಾರ ಇರುವವರು, ಸಂಪರ್ಕ ಇರುವಷ್ಟು ಹೊತ್ತು, ಕೀ ಕದಿಯದೆಯೇ ಅದನ್ನು ಬಳಸಬಹುದು.

ನನಗೆ ನಿಮ್ಮ ‘ಬ್ಯಾಕಪ್’ ಕೀ ಮೇಲೂ ಕಣ್ಣಿದೆ. ಮನುಷ್ಯ ಬಂದನೋ ಯಂತ್ರ ಬಂತೋ ಅಂತ ಲಾಗ್‌ನಿಂದಲೇ ಬಹುಮಟ್ಟಿಗೆ ತಿಳಿಯಬಹುದು. ಅದೇ ಫಿಂಗರ್‌ಪ್ರಿಂಟ್ ಲಾಗ್‌ನಲ್ಲಿ ಬೇರೆ ದಿನಗಳಲ್ಲೂ ಹುಡುಕಿ. ದಿನಾ 02:41ರ ಆಸುಪಾಸಿನಲ್ಲೇ ಬಂದು, ಕೆಲವು ಸೆಕೆಂಡಿನಲ್ಲಿ ಹೋಗುತ್ತಿದ್ದರೆ ಅದು ಬಹುಶಃ ನಿಗದಿತ ಹೊತ್ತಿಗೆ ತಾನಾಗಿ ಓಡುವಂತೆ ಎಲ್ಲೋ ಕ್ರಾನ್‌ನಲ್ಲಿ ಇಟ್ಟ ಕೆಲಸ. ಎಷ್ಟು ಹೊತ್ತು ಇದ್ದರು ಅಂತ ನೋಡಲು ‘ಎಸ್‌ಎಸ್‌ಎಚ್‌ಡಿ’ (ಸರ್ವರ್ ಕಡೆ ಲಾಗಿನ್ ನೋಡಿಕೊಳ್ಳುವ ಪ್ರೋಗ್ರಾಂ) ಹೆಸರಿನ ಪಕ್ಕ ಚೌಕ ಕಂಸದಲ್ಲಿರುವ ಪ್ರೊಸೆಸ್ ಸಂಖ್ಯೆ ಹಿಡಿಯಿರಿ. ‘ಸೆಷನ್ ಓಪನ್ಡ್’, ‘ಸೆಷನ್ ಕ್ಲೋಸ್ಡ್’ ಸಾಲುಗಳಲ್ಲೂ ಅದೇ ಸಂಖ್ಯೆ ಇರುತ್ತದೆ. ‘ಡಿಸ್‌ಕನೆಕ್ಟೆಡ್’ ಸಾಲಿನಲ್ಲಿ ಸಂಖ್ಯೆ ಬೇರೆ ಇರಬಹುದು, ಅದನ್ನು ಐಪಿ ಮತ್ತು ಪೋರ್ಟ್ 51822ರಿಂದ ಜೋಡಿಸಿ. ಹೊಸ ಸರ್ವರ್ ಆದರೆ ‘ಎಸ್‌ಎಸ್‌ಎಚ್‌ಡಿ-ಸೆಷನ್’ ಅಂತ ಹುಡುಕಿ. 2024ರ 9.8 ಆವೃತ್ತಿಯಿಂದ ಹೆಸರು ಹಾಗಾಗಿದೆ. ಹಳೆಯ ಹೆಸರಿನ ಮೇಲೆ ಬರೆದ ಹುಡುಕಾಟಗಳು ಸದ್ದಿಲ್ಲದೆ ಖಾಲಿ ಉತ್ತರ ಕೊಡುತ್ತವೆ.

ಒಳಗೆ ಬಂದ ಮೇಲೆ ಏನು ಮಾಡಿದರು ಅನ್ನುವುದನ್ನು ಎಸ್‌ಎಸ್‌ಎಚ್ ಬರೆದಿಡುವುದಿಲ್ಲ. ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸುವ ಸುಡೊ ಬಳಸಿದ್ದರೆ ಮಾತ್ರ ಆಜ್ಞೆ ಸಮೇತ ಅದೇ ಆತ್.ಲಾಗ್‌ನಲ್ಲಿ ಬೇರೆ ಸಾಲು ಬಿದ್ದಿರುತ್ತದೆ.

ಬೇಗ ಮಾಡಬೇಕಾದ ಒಂದು ಕೆಲಸ: ಲಾಗ್‌ಗಳನ್ನು ಇವತ್ತೇ ಬೇರೆ ಕಡೆ ಕಾಪಿ ಮಾಡಿ ಇಡಿ. ಉಬುಂಟುವಿನಲ್ಲಿ ಮೊದಲಿಂದ ಇರುವ ಏರ್ಪಾಡಿನ ಪ್ರಕಾರ ಆತ್.ಲಾಗ್ ವಾರಕ್ಕೊಮ್ಮೆ ಹೊರಳುತ್ತದೆ, ಹಳೆಯ ನಾಲ್ಕು ಮಾತ್ರ ಉಳಿಯುತ್ತವೆ. ಅಂದರೆ ಸುಮಾರು ಒಂದು ತಿಂಗಳ ಲೆಕ್ಕ. ಹಳೆಯವು ಒತ್ತಿಟ್ಟ (ಕಂಪ್ರೆಸ್ ಮಾಡಿದ) ಫೈಲುಗಳು, ಅವುಗಳಲ್ಲಿ ಹುಡುಕಲು ಜೆಡ್‌ಗ್ರೆಪ್ ಬಳಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಕಂಪನಿ, ಡೇಟಾ ಸೆಂಟರ್, ಸರ್ಕಾರಿ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಸರಿ ಹೊಂದಿಸಿಕೊಂಡಿರಬೇಕು ಅಂತ ಇದೆ. ಬೇರೆಯವರ ವ್ಯಾಪಾರದ ಲೆಕ್ಕ ನಿಮ್ಮ ಕೈಯಲ್ಲಿದೆ. ನಿಮ್ಮದು ಮೂವರ ಸಣ್ಣ ವ್ಯವಹಾರ ಆದರೂ ಆ ಅಳತೆ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ.

ಲಾಗ್‌ನಲ್ಲಿರುವ ಫಿಂಗರ್‌ಪ್ರಿಂಟ್ ಐದರಲ್ಲಿ ಯಾವುದಕ್ಕೂ ಹೊಂದದೇ ಹೋದರೆ ವಿಷಯ ಗಂಭೀರ. ಆಗ ಅದೇ ಡೈರೆಕ್ಟರಿಯಲ್ಲಿ ಆಥರೈಸ್ಡ್_ಕೀಸ್2 ಅಂತ ಇನ್ನೊಂದು ಫೈಲ್ ಇದೆಯೇ ನೋಡಿ. ಸುಮಾರು ಜನರಿಗೆ ಗೊತ್ತಿಲ್ಲ, ಎಸ್‌ಎಸ್‌ಎಚ್‌ಡಿ ಅದನ್ನೂ ಓದುತ್ತದೆ. ಆಮೇಲೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್‌ನಲ್ಲಿ ಆಥರೈಸ್ಡ್‌ಕೀಸ್‌ಫೈಲ್, ಆಥರೈಸ್ಡ್‌ಕೀಸ್‌ಕಮಾಂಡ್ ಎಂಬ ಎರಡು ಸಾಲು ನೋಡಿ. ಅಲ್ಲೂ ಇಲ್ಲವೆಂದರೆ ಲಾಗಿನ್ ಆದ ಮೇಲೆ ಯಾರೋ ಕೀ ಸಾಲು ಅಳಿಸಿದ್ದಾರೆ ಅಂತ ಅರ್ಥ. ಅಂಥವರಿಗೆ ರೂಟ್ ಸಿಕ್ಕಿದ್ದರೆ ಲಾಗ್ ತಿದ್ದಲೂ ಬರುತ್ತದೆ, ಹಾಗಾಗಿ ಆ ಸರ್ವರ್ ಹೇಳುವ ಯಾವ ಮಾತನ್ನೂ ನಂಬದೆ ಹೊಸದನ್ನು ಕಟ್ಟುವುದೇ ಸರಿ.

ಮುಂದಕ್ಕೆ ಇಂಥ ತಲೆನೋವು ಬೇಡ ಅಂದರೆ ಮೂವರಿಗೂ ಬೇರೆ ಬೇರೆ ಯೂಸರ್ ಮಾಡಿ. ಹಂಚಿಕೊಂಡ ‘ಡಿಪ್ಲಾಯ್’ ಇರುವವರೆಗೆ ನಿಮಗೆ ಫಿಂಗರ್‌ಪ್ರಿಂಟ್ ಒಂದೇ ಆಸರೆ. ಒಬ್ಬರಿಗೆ ಒಂದು ಕೀ ಸಾಲದು, ಒಂದು ಯಂತ್ರಕ್ಕೆ ಒಂದು ಕೀ ಇರಲಿ. ಪ್ರೈವೇಟ್ ಕೀಯನ್ನು ಇನ್ನೊಂದು ಲ್ಯಾಪ್‌ಟಾಪಿಗೆ ಕಾಪಿ ಮಾಡಬೇಡಿ, ಅಲ್ಲಿ ಹೊಸದು ಮಾಡಿಕೊಳ್ಳಿ. ಕೀ ಸೇರಿಸಿದ ದಿನವೇ ಫಿಂಗರ್‌ಪ್ರಿಂಟ್, ಯಾರದು, ಯಾವ ಯಂತ್ರ, ಯಾವ ತಾರೀಕು ಅಂತ ಒಂದು ವಹಿಯಲ್ಲಿ ಬರೆದಿಡಿ. ಲಾಗ್‌ಲೆವೆಲ್ ಅನ್ನು ವರ್ಬೋಸ್‌ಗೆ ಏರಿಸಿ. ಆಗ ಕೀ ಯಾವ ಫೈಲಿನ ಎಷ್ಟನೇ ಸಾಲಿನಲ್ಲಿ ಸಿಕ್ಕಿತು, ಶೆಲ್ ತೆರೆದರೋ, ಒಂದು ಆಜ್ಞೆ ಓಡಿಸಿದರೋ, ಫೈಲ್ ಸಾಗಿಸಿದರೋ ಅನ್ನುವುದೂ ಬರುತ್ತದೆ. ಹೆಸರಿಲ್ಲದ ಐದನೇ ಕೀಯನ್ನು ಯಾರೂ ನಮ್ಮದು ಅನ್ನದಿದ್ದರೆ ತೆಗೆದುಬಿಡಿ. ಆದರೆ ಸಾಲು ಅಳಿಸಿದ ಮಾತ್ರಕ್ಕೆ ಈಗಾಗಲೇ ತೆರೆದಿರುವ ಸೆಷನ್ ಮುಚ್ಚುವುದಿಲ್ಲ, ಅದನ್ನು ಬೇರೆಯಾಗಿ ಕೊನೆಗಾಣಿಸಬೇಕು.

ಬೆಂಗಳೂರಿನ ಗೆಳೆಯನಿಗೆ ಫೋನ್ ಮಾಡಿದಾಗ ‘ನೀನಾ?’ ಅಂತ ಕೇಳಬೇಡಿ. ಮೂವರೂ ತಮ್ಮ ಹೊಸ, ಹಳೆಯ ಎಲ್ಲ ಯಂತ್ರಗಳಲ್ಲಿ ಪಬ್ಲಿಕ್ ಕೀ ಫೈಲಿನ ಮೇಲೆ ‘ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್’ ಓಡಿಸಿ ಬಂದ ಸಾಲನ್ನು ಗುಂಪಿಗೆ ಹಾಕೋಣ ಅಂತ ಹೇಳಿ. ಏಜೆಂಟ್ ಬಳಸುವವರು ‘ಎಸ್‌ಎಸ್‌ಎಚ್-ಆಡ್ -ಎಲ್’ ಕೊಟ್ಟರೂ ಸಾಕು, ಇಲ್ಲಿ ಎಲ್ ಚಿಕ್ಕಕ್ಷರ. ಫಿಂಗರ್‌ಪ್ರಿಂಟ್ ಹಂಚಿಕೊಂಡರೆ ಅಪಾಯ ಇಲ್ಲ, ಅದರಿಂದ ಯಾರೂ ಕೀ ತಯಾರಿಸಲಾರರು. ಮೊದಲ ಸಾಲು ನೀವೇ ಹಾಕಿ. ಹೆಸರಿಲ್ಲದ ಆ ಐದನೆಯದು ಯಾರ ಯಂತ್ರದಲ್ಲಿ ಸಿಕ್ಕಿತು ಅಂತ ನನಗೆ ಬರೆಯಿರಿ. ಎಲ್ಲೂ ಸಿಗದಿದ್ದರೆ ಅದನ್ನೂ ಬರೆಯಿರಿ, ಸರ್ವರ್ ಹೊಸದಾಗಿ ಕಟ್ಟುವುದು ಹೇಗೆ ಅಂತ ಜೊತೆಗೆ ಕೂತು ನೋಡೋಣ.